ಸೊನ್ನೆ ತೋರಿಸಿದ ಮಾತ್ರಕ್ಕೆ ಗ್ಯಾಸ್ ಇಲ್ಲ ಅಂತಲ್ಲ

ಪ್ರಶ್ನೆ: ಸರ್, ಡಿಪ್ಲೊಮಾ ಮುಗಿಸಿ ತುಮಕೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿ ಸೇರಿ ಎಂಟು ತಿಂಗಳಾಯಿತು. ನಮ್ಮ ಪೇಂಟ್ ಶಾಪ್ ಓವನ್‌ಗಾಗಿ ಎಲ್‌ಪಿಜಿ ಯಾರ್ಡ್ ಇದೆ. ಅಲ್ಲಿದ್ದ ಹಳೆಯ ಕ್ಯಾಟಲಿಟಿಕ್ ಗ್ಯಾಸ್ ಡಿಟೆಕ್ಟರ್ ತೆಗೆದು ಆರು ಇನ್‌ಫ್ರಾರೆಡ್ (ಐಆರ್) ಡಿಟೆಕ್ಟರ್ ಹಾಕಿದ್ದಾರೆ. ವೆಂಡರ್ ಕಡೆಯವರು ಒಂದೇ ದಿನದಲ್ಲಿ ಪವರ್ ಕೊಟ್ಟು, ಲೆನ್ಸ್ ಒರೆಸಿ, ಝೀರೋ ಮಾಡಿ ಹೋದರು. ಈಗ ಎರಡು ತೊಂದರೆ ಇದೆ. ದೀಪಾವಳಿ ಕಳೆದ ಮೇಲೆ 6ನೇ ಡಿಟೆಕ್ಟರ್ ದಿನಾ ಬೆಳಗ್ಗೆ ಫಾಲ್ಟ್‌ಗೆ ಹೋಗುತ್ತದೆ, ಒಂಬತ್ತೂವರೆ ಹತ್ತರ ಹೊತ್ತಿಗೆ ತಾನೇ ಸರಿಯಾಗುತ್ತದೆ. ಅದು ಪ್ಯಾನೆಲ್‌ನಿಂದ ಎಲ್ಲಕ್ಕಿಂತ ದೂರ, ಕೇಬಲ್ ಸುಮಾರು 600 ಮೀಟರ್. 2ನೇ ಡಿಟೆಕ್ಟರ್‌ನ ಡಿಸ್‌ಪ್ಲೇ ಮೈನಸ್ 2 ತೋರಿಸುತ್ತದೆ, ಆದರೆ ಕಂಟ್ರೋಲ್ ರೂಮ್‌ನಲ್ಲಿ 0 ಇದೆ. ‘ಐಆರ್‌ಗೆ ಕ್ಯಾಲಿಬ್ರೇಷನ್ ಬೇಕಿಲ್ಲ, ಸುಮ್ನೆ ಮುಟ್ಟಬೇಡ’ ಅಂತಾರೆ ಸೀನಿಯರ್. ಇದನ್ನು ಸರಿಯಾಗಿ ಚಾಲೂ ಮಾಡುವುದು ಹೇಗೆ, ಆಮೇಲೆ ನೋಡಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ಸೀನಿಯರ್ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಇನ್ನರ್ಧದಲ್ಲಿ ಅಪಾಯವಿದೆ. ಅದು ಅರ್ಥವಾಗಬೇಕಾದರೆ ಈ ಪೆಟ್ಟಿಗೆ ಗ್ಯಾಸನ್ನು ಹೇಗೆ ಕಾಣುತ್ತದೆ ಅಂತ ಮೊದಲು ನೋಡೋಣ.

ಹಳೆಯ ಕ್ಯಾಟಲಿಟಿಕ್ ಡಿಟೆಕ್ಟರ್ ಗ್ಯಾಸನ್ನು ಒಂದು ಪುಟ್ಟ ಮಣಿಯ ಮೇಲೆ ಸುಟ್ಟು, ಆ ಬಿಸಿಯನ್ನು ಅಳೆಯುತ್ತಿತ್ತು. ಸುಡಲು ಆಮ್ಲಜನಕ ಬೇಕು. ಸಿಲಿಕೋನ್ ಸ್ಪ್ರೇ ಹೊಡೆದರೆ ಮಣಿ ಸತ್ತುಹೋಗುತ್ತಿತ್ತು, ಸತ್ತ ಸುದ್ದಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪ್ಯಾನೆಲ್‌ನಲ್ಲಿ ಸೊನ್ನೆ ಹಾಗೇ ಇರುತ್ತಿತ್ತು. ಐಆರ್ ಡಿಟೆಕ್ಟರ್ ಏನನ್ನೂ ಸುಡುವುದಿಲ್ಲ. ಅದರೊಳಗೆ ಒಂದು ದೀಪ ಇದೆ, ಎದುರಿಗೆ ಕನ್ನಡಿ ಇದೆ, ನಡುವೆ ಕೆಲವು ಸೆಂಟಿಮೀಟರ್ ಜಾಗ. ಎಲ್‌ಪಿಜಿಯಲ್ಲಿರುವ ಪ್ರೊಪೇನ್, ಬ್ಯುಟೇನ್, ಪೈಪ್ ಗ್ಯಾಸಿನ ಮೀಥೇನ್‌ಗಳಲ್ಲಿ ಕಾರ್ಬನ್ನಿಗೂ ಹೈಡ್ರೋಜನ್ನಿಗೂ ಇರುವ ಬೆಸುಗೆ ಸುಮಾರು 3.4 ಮೈಕ್ರಾನ್ ಅಲೆಯುದ್ದದ ಬೆಳಕನ್ನು ಹೀರಿಕೊಳ್ಳುತ್ತದೆ. ಆ ಅಲೆಯ ಬೆಳಕು ಎಷ್ಟು ಕಡಿಮೆಯಾಯಿತು ಅಂತ ನೋಡಿದರೆ ಗ್ಯಾಸ್ ಎಷ್ಟಿದೆ ಅಂತ ಗೊತ್ತಾಗುತ್ತದೆ. ಇದರ ಜೊತೆಗೆ ಗ್ಯಾಸ್ ಹೀರಿಕೊಳ್ಳದ ಇನ್ನೊಂದು ಅಲೆಯ ಬೆಳಕನ್ನೂ ಅದು ಅಳೆಯುತ್ತದೆ. ಅದು ರೆಫರೆನ್ಸ್. ಕನ್ನಡಿ ಮೇಲೆ ಧೂಳು ಕೂತರೆ ಎರಡೂ ಬೆಳಕು ಒಟ್ಟಿಗೆ ಮಂಕಾಗುತ್ತವೆ. ಗ್ಯಾಸ್ ಬಂದರೆ ಒಂದೇ ಮಂಕಾಗುತ್ತದೆ. ಹಾಗಾಗಿ ತನ್ನ ಕಣ್ಣು ಮಂಜಾಗಿದೆ ಅಂತ ಈ ಡಿಟೆಕ್ಟರ್‌ಗೆ ತಾನೇ ಗೊತ್ತಾಗುತ್ತದೆ, ಫಾಲ್ಟ್ ಕೊಡುತ್ತದೆ. ‘ಕ್ಯಾಲಿಬ್ರೇಷನ್ ಬೇಕಿಲ್ಲ’ ಅನ್ನುವ ಮಾತು ಹುಟ್ಟಿದ್ದು ಇಲ್ಲಿಂದ. ಅಷ್ಟರ ಮಟ್ಟಿಗೆ ಅದು ಸರಿ.

ಆದರೆ ಕಣ್ಣು ಮಂಜಾದರೆ ತಿಳಿಯುವ ಈ ಡಿಟೆಕ್ಟರ್‌ಗೆ ಮೂಗು ಕಟ್ಟಿದರೆ ತಿಳಿಯುವುದಿಲ್ಲ. ಗ್ಯಾಸ್ ಒಳಗೆ ಬರುವ ದಾರಿ ಮುಚ್ಚಿಹೋದರೆ ಒಳಗಿನ ಕನ್ನಡಿ ಫಳಫಳ ಹೊಳೆಯುತ್ತಿರುತ್ತದೆ, ಎರಡೂ ಬೆಳಕು ಚೆನ್ನಾಗಿರುತ್ತವೆ, ಡಿಟೆಕ್ಟರ್ ಪೂರ್ತಿ ಆರೋಗ್ಯವಾಗಿ ಸೊನ್ನೆ ತೋರಿಸುತ್ತಿರುತ್ತದೆ. ಈ ಸೊನ್ನೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ಮೊದಲು ನಿಮ್ಮ ಎರಡು ತೊಂದರೆ ನೋಡೋಣ.

6ನೆಯದು ಬೆಳಗ್ಗೆ ಮಾತ್ರ ಫಾಲ್ಟ್ ಆಗುತ್ತದೆ, ಬಿಸಿಲು ಏರಿದ ಮೇಲೆ ಸರಿಹೋಗುತ್ತದೆ. ಇಬ್ಬನಿ ಕನ್ನಡಿ ಮೇಲೆ ಕೂರುತ್ತಿದೆ ಅಂತ ಯಾರಾದರೂ ಹೇಳುತ್ತಾರೆ, ಅದು ಸರಿಯೇ. ಆದರೆ ಉಳಿದ ಐದಕ್ಕೆ ಯಾಕೆ ಕೂರುತ್ತಿಲ್ಲ? ಇಬ್ಬನಿ ಕೂರಬಾರದು ಅಂತಲೇ ಕನ್ನಡಿ ಹಿಂದೆ ಒಂದು ಪುಟ್ಟ ಹೀಟರ್ ಇರುತ್ತದೆ. ಚಳಿ ಜಾಸ್ತಿಯಾದಷ್ಟೂ ಅದು ಜಾಸ್ತಿ ಕರೆಂಟ್ ಎಳೆಯುತ್ತದೆ. ನಿಮ್ಮ 6ನೆಯದು ಎಲ್ಲಕ್ಕಿಂತ ದೂರ ಅಂದಿರಲ್ಲ, ನನಗೆ ಅನುಮಾನ ಬಂದಿದ್ದೇ ಆ ಮಾತಿನಿಂದ.

ಲೆಕ್ಕ ಹಾಕಿ ನೋಡಿ. 1.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12.1 ಓಮ್. 600 ಮೀಟರ್ ಹೋಗಿ 600 ಮೀಟರ್ ವಾಪಸ್ ಬರಬೇಕು, ಒಟ್ಟು 14.5 ಓಮ್. ಡಿಟೆಕ್ಟರ್ ಹಗಲಲ್ಲಿ 6 ವ್ಯಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ಪ್ಯಾನೆಲ್‌ನಲ್ಲಿ 24 ವೋಲ್ಟ್ ಇದ್ದರೆ ಅದರ ಹತ್ತಿರ 19.5 ವೋಲ್ಟ್ ಉಳಿಯುತ್ತದೆ. ಹೆಚ್ಚಿನ ಡಿಟೆಕ್ಟರ್‌ಗಳಿಗೆ ಕಡಿಮೆಯೆಂದರೂ 18 ವೋಲ್ಟ್ ಬೇಕು, ಹಾಗಾಗಿ ಓಡುತ್ತದೆ. ಬೆಳಗಿನ ಚಳಿಗೆ ಹೀಟರ್ ಜೋರಾಗಿ 8 ವ್ಯಾಟ್ ಆಯಿತು ಅನ್ನಿ. ಆಗ ಉಳಿಯುವುದು 17.3 ವೋಲ್ಟ್. ಮುಗಿಯಿತು. ಹೀಟರ್‌ಗೆ ಶಕ್ತಿ ಸಾಲದು, ಇಬ್ಬನಿ ಆರುವುದಿಲ್ಲ, ಫಾಲ್ಟ್ ಬರುತ್ತದೆ. ಇದೇ ದೂರಕ್ಕೆ 2.5 ಚದರ ಮಿಲಿಮೀಟರ್ ತಂತಿ ಎಳೆದಿದ್ದರೆ 8 ವ್ಯಾಟ್ ಎಳೆದಾಗಲೂ 20 ವೋಲ್ಟ್ ದಾಟಿ ಇರುತ್ತಿತ್ತು. ನಿಮ್ಮ ಡಿಟೆಕ್ಟರ್ ನಿಜವಾಗಿ ಎಷ್ಟು ವ್ಯಾಟ್, ಕನಿಷ್ಠ ಎಷ್ಟು ವೋಲ್ಟ್ ಅಂತ ಅದರ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಆ ಅಂಕಿ ಹಾಕಿ ಇದೇ ಲೆಕ್ಕ ಮಾಡಿ.

ಮಧ್ಯಾಹ್ನ ಮೂರಕ್ಕೆ ಹೋಗಿ ವೋಲ್ಟೇಜ್ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ನೀವು ನೋಡಬೇಕಾದದ್ದು ಬೆಳಗ್ಗೆ ಏಳಕ್ಕೆ, ಫಾಲ್ಟ್ ಇರುವಾಗಲೇ, ಡಿಟೆಕ್ಟರ್‌ನ ಟರ್ಮಿನಲ್‌ನಲ್ಲಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎಲ್‌ಪಿಜಿ ಯಾರ್ಡ್‌ನಲ್ಲಿ ಪವರ್ ಇರುವಾಗ ಫ್ಲೇಮ್‌ಪ್ರೂಫ್ ಮುಚ್ಚಳ (ಒಳಗಿನ ಕಿಡಿ ಹೊರಗಿನ ಗ್ಯಾಸಿಗೆ ತಗಲದ ಹಾಗೆ ಮಾಡಿದ್ದು) ತೆಗೆದು ಮಲ್ಟಿಮೀಟರ್ ಇಡುವುದು ಹಾಟ್ ವರ್ಕ್, ಅಂದರೆ ಕಿಡಿಯ ಅಪಾಯವಿರುವ ಕೆಲಸ. ಪರ್ಮಿಟ್ ಬರೆಸಿ, ಕೈಯಲ್ಲಿ ಹಿಡಿಯುವ ಪೋರ್ಟಬಲ್ ಡಿಟೆಕ್ಟರ್‌ನಿಂದ ಗ್ಯಾಸ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಸೇಫ್ಟಿಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಮಾಡಿ. ಎರಡೇ ನಿಮಿಷದ ಕೆಲಸ ಅಲ್ವಾ ಅಂತ ಯಾರೇ ಹೇಳಲಿ, ಒಪ್ಪಬೇಡಿ. ಹಾರ್ಟ್ (ಸಿಗ್ನಲ್ ವಯರ್ ಮೇಲೆಯೇ ಬೇರೆ ಮಾಹಿತಿಯನ್ನೂ ಕಳಿಸುವ ಸೌಲಭ್ಯ) ಇರುವ ಡಿಟೆಕ್ಟರ್ ಆದರೆ ಮುಚ್ಚಳ ತೆಗೆಯುವುದೂ ಬೇಕಿಲ್ಲ. ಸಪ್ಲೈ ವೋಲ್ಟೇಜನ್ನು ಅದೇ ಹೇಳುವ ಮಾಡೆಲ್‌ಗಳು ಬಹಳ ಇವೆ, ಕಂಟ್ರೋಲ್ ರೂಮ್‌ನಲ್ಲಿ ಕೂತೇ ನೋಡಬಹುದು. ಮೊದಲು ಅದನ್ನು ವಿಚಾರಿಸಿ.

ವೋಲ್ಟೇಜ್ ಸರಿ ಇದ್ದೂ ಫಾಲ್ಟ್ ಬರುತ್ತಿದ್ದರೆ, ಆಗ ಅದನ್ನು ಕೂರಿಸಿದ ರೀತಿ ನೋಡಿ. ಬೆಳಕು ಓಡುವ ಜಾಗ ನೆಲಕ್ಕೆ ಸಮವಾಗಿ, ಅಡ್ಡಡ್ಡ ಇರಬೇಕು. ಕನ್ನಡಿ ಕೆಳಗೆ, ದೀಪ ಮೇಲೆ ಅಂತ ನೆಟ್ಟಗೆ ನಿಲ್ಲಿಸಿದರೆ ಕನ್ನಡಿ ತಟ್ಟೆ ಆಗುತ್ತದೆ. ನೀರೂ ಧೂಳೂ ಅದರಲ್ಲೇ ನಿಲ್ಲುತ್ತವೆ.

ಇನ್ನು 2ನೆಯದು. ಡಿಸ್‌ಪ್ಲೇಯ ಅಂಕಿ ಅಂದರೆ, ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಗ್ಯಾಸಿನಲ್ಲಿ ಶೇಕಡಾ ಎಷ್ಟಿದೆ ಅಂತ. ಇದು ನನಗೆ ಹೆಚ್ಚು ಕಳವಳ ತಂದಿದೆ, ಯಾಕೆಂದರೆ ಇದರಲ್ಲಿ ಎರಡು ತಪ್ಪು ಅಡಗಿರಬಹುದು.

ವೆಂಡರ್‌ನವರು ಲೆನ್ಸ್ ಒರೆಸಿ ಝೀರೋ ಮಾಡಿದರು ಅಂದಿರಿ. ಯಾವುದರಿಂದ ಒರೆಸಿದರು? ಸಾಮಾನ್ಯವಾಗಿ ಐಸೋಪ್ರೊಪೈಲ್ ಆಲ್ಕೋಹಾಲ್. ಒರೆಸಲು ಅದು ಸರಿಯಾದ ವಸ್ತುವೇ. ಆದರೆ ಆ ಆಲ್ಕೋಹಾಲ್‌ನಲ್ಲೂ ಕಾರ್ಬನ್–ಹೈಡ್ರೋಜನ್ ಬೆಸುಗೆ ಇದೆ. ಅದರ ಆವಿಯೂ ಡಿಟೆಕ್ಟರ್‌ಗೆ ಗ್ಯಾಸ್ ಥರವೇ ಕಾಣುತ್ತದೆ. ಒರೆಸಿದ ತಕ್ಷಣ ಮುಚ್ಚಿ, ಒಳಗೆ ಸ್ವಲ್ಪ ಆವಿ ಉಳಿದಿರುವಾಗಲೇ ‘ಇದೇ ಸೊನ್ನೆ’ ಅಂತ ಹೇಳಿಕೊಟ್ಟರೆ ಅದು ಹಾಗೇ ಕಲಿಯುತ್ತದೆ. ಆವಿ ಆರಿದ ಮೇಲೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಮೈನಸ್ 2 ಬರುವ ಅತಿ ಸಾಮಾನ್ಯ ದಾರಿ ಇದು. ಇನ್ನೊಂದು ದಾರಿ, ಝೀರೋ ಮಾಡುವ ಹೊತ್ತಿಗೆ ಯಾರ್ಡ್‌ನಲ್ಲೇ ಎಲ್ಲೋ ಚೂರು ಗ್ಯಾಸ್ ಸೋರುತ್ತಿದ್ದಿರಬಹುದು. ಹೇಗೇ ಆಗಿರಲಿ, ಈಗ ನಿಜವಾಗಿ 20 ಇದ್ದಾಗ ಅದು 18ರ ಆಸುಪಾಸು ಹೇಳುತ್ತದೆ. ವ್ಯತ್ಯಾಸ ಸಣ್ಣದು, ಆದರೆ ಝೀರೋ ಸರಿಯಾಗಿ ಮಾಡಿಲ್ಲ ಅನ್ನುವುದಕ್ಕೆ ಅದು ಸಾಕ್ಷಿ.

ಎರಡನೇ ತಪ್ಪು ಪ್ಯಾನೆಲ್‌ನ ‘0’. ಡಿಟೆಕ್ಟರ್ ತನ್ನ ಅಂಕಿಯನ್ನು ಪ್ಯಾನೆಲ್‌ಗೆ ಕರೆಂಟ್ ರೂಪದಲ್ಲಿ ಕಳಿಸುತ್ತದೆ, ಸೊನ್ನೆಗೆ 4 ಮಿಲಿ ಆಂಪಿಯರ್, ನೂರಕ್ಕೆ 20. ಡಿಟೆಕ್ಟರ್ ಮೈನಸ್ 2 ಅನ್ನುತ್ತಿದ್ದರೆ ಕರೆಂಟ್ 4 ಮಿಲಿ ಆಂಪಿಯರ್‌ಗಿಂತ ಸ್ವಲ್ಪ ಕೆಳಗೆ, 3.68ರಷ್ಟು ಇರಬೇಕು. ಪ್ಯಾನೆಲ್‌ನಲ್ಲಿ 0 ಕಾಣುತ್ತಿದೆ ಅಂದರೆ ನಡುವೆ ಯಾರೋ ಆ ಮೈನಸ್ಸನ್ನು ಮುಚ್ಚಿಡುತ್ತಿದ್ದಾರೆ. ಡಿಟೆಕ್ಟರೇ ತನ್ನ ಔಟ್‌ಪುಟ್ಟನ್ನು 4ರಲ್ಲಿ ಹಿಡಿದು ನಿಲ್ಲಿಸುತ್ತಿದ್ದರೆ ಚಿಂತೆ ಇಲ್ಲ, ಕೆಲವು ಮಾಡೆಲ್‌ಗಳು ಹಾಗೆ ಮಾಡುತ್ತವೆ. ಆದರೆ ಪಿಎಲ್‌ಸಿ (ಈ ಸಿಗ್ನಲ್ ಓದಿ ಅಲಾರಂ, ವಾಲ್ವ್ ನಡೆಸುವ ಕಂಪ್ಯೂಟರ್) ಪ್ರೋಗ್ರಾಂ ಬರೆದವರು ‘4ಕ್ಕಿಂತ ಕಡಿಮೆ ಬಂದರೆ ಸೊನ್ನೆ ತೋರಿಸು’ ಅಂತ ಬರೆದಿದ್ದರೆ ಅದು ದೊಡ್ಡ ತಪ್ಪು. ವಯರ್ ತುಂಡಾದರೂ ಸೊನ್ನೆ, ಡಿಟೆಕ್ಟರ್ ಸತ್ತರೂ ಸೊನ್ನೆ, ಇಲಿ ಕೇಬಲ್ ಕಡಿದರೂ ಸೊನ್ನೆ. 3.6 ಮಿಲಿ ಆಂಪಿಯರ್‌ಗಿಂತ ಕೆಳಗೆ ಇಳಿದರೆ ಫಾಲ್ಟ್ ಅಂತ ಕೂಗುವುದು ರೂಢಿ. ಪರೀಕ್ಷೆ ಸುಲಭ. ಪರ್ಮಿಟ್ ತಗೊಂಡು, ಟ್ರಿಪ್ ಬೈಪಾಸ್ ಮಾಡಿ (ಪರೀಕ್ಷೆಯ ಹೊತ್ತಿಗೆ ವಾಲ್ವ್ ತಾನೇ ಮುಚ್ಚದ ಹಾಗೆ ತಡೆದು), ಕಂಟ್ರೋಲ್ ರೂಮ್ ಪ್ಯಾನೆಲ್‌ನಲ್ಲಿ ಆ ಚಾನೆಲ್‌ನ ಸಿಗ್ನಲ್ ವಯರ್ ಬಿಚ್ಚಿ. ಪ್ಯಾನೆಲ್ ಫಾಲ್ಟ್ ಅಂತ ಕೂಗಬೇಕು. ತಣ್ಣಗೆ 0 ತೋರಿಸುತ್ತಾ ಕೂತರೆ ಆರೂ ಚಾನೆಲ್‌ಗಳ ಪ್ರೋಗ್ರಾಂ ಅವತ್ತೇ ತಿದ್ದಿಸಿ. ನನ್ನ ಲೆಕ್ಕದಲ್ಲಿ ನಿಮ್ಮ ಮೊದಲ ಕೆಲಸ ಇದೇ.

ಈಗ ಚಾಲೂ ಮಾಡುವ ಕ್ರಮ. ನಿಮ್ಮ ಆರನ್ನೂ ಹೊಸದಾಗಿ ಮಾಡಿಬಿಡಿ, ಒಂದೂ ಆಗಿದೆ ಅಂದುಕೊಳ್ಳಬೇಡಿ.

ಪವರ್ ಕೊಡುವ ಮುಂಚೆ ಕಣ್ಣಿಂದ ನೋಡುವ ಕೆಲಸ ಜಾಸ್ತಿ. ನೇಮ್‌ಪ್ಲೇಟ್ ಓದಿ. ಪ್ರೊಪೇನ್, ಬ್ಯುಟೇನ್ ಎರಡೂ ಐಐಎ ಗುಂಪಿಗೆ (ಹೊತ್ತಿಕೊಳ್ಳುವ ಗ್ಯಾಸ್‌ಗಳ ಒಂದು ವರ್ಗ) ಸೇರುತ್ತವೆ, ಅದಕ್ಕೆ ಅಥವಾ ಅದಕ್ಕಿಂತ ಮೇಲಿನ ಗುಂಪಿಗೆ ಪೆಟ್ಟಿಗೆ ಆಗಿಬರಬೇಕು. ಪೆಸೊ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ) ಒಪ್ಪಿಗೆ ಪತ್ರ ಫೈಲ್‌ನಲ್ಲಿ ಇರಲಿ. ಎತ್ತರ ನೋಡಿ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಬ್ಯುಟೇನ್ ಎರಡು ಪಟ್ಟು. ಎಲ್‌ಪಿಜಿ ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ, ಚರಂಡಿಯಲ್ಲಿ, ಕೇಬಲ್ ಟ್ರೆಂಚ್‌ನಲ್ಲಿ ನಿಲ್ಲುತ್ತದೆ. ಡಿಟೆಕ್ಟರ್ ನೆಲದಿಂದ ಒಂದು, ಒಂದೂವರೆ ಅಡಿಯಲ್ಲಿರಬೇಕು. ಓದಲು ಸುಲಭ ಅಂತ ಕಣ್ಣಿನ ಎತ್ತರಕ್ಕೆ ಹಾಕಿದ್ದನ್ನು ನಾನು ನೋಡಿದ್ದೇನೆ. ಡಿಸ್‌ಪ್ಲೇ ಬೇಕಾದರೆ ಮೇಲಿರಲಿ, ಸೆನ್ಸರ್ ಕೆಳಗೇ ಇರಬೇಕು. ಕೇಬಲ್ ಒಳಗೆ ಹೋಗುವ ಎಫ್‌ಎಲ್‌ಪಿ (ಫ್ಲೇಮ್‌ಪ್ರೂಫ್) ಗ್ಲ್ಯಾಂಡ್ ಬಿಗಿಯಾಗಿರಲಿ. ಬಳಸದ ತೂತಿಗೆ ಎಫ್‌ಎಲ್‌ಪಿ ಪ್ಲಗ್ಗೇ ಇರಲಿ, ಪ್ಲಾಸ್ಟಿಕ್ ಬಿರಡೆ ಅಲ್ಲ. ಕೇಬಲ್ ಗ್ಲ್ಯಾಂಡ್‌ಗೆ ಹೋಗುವ ಮೊದಲು ಸ್ವಲ್ಪ ಕೆಳಗೆ ಬಾಗಿ ಹೋಗಲಿ, ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಮುಚ್ಚಳದ ಥ್ರೆಡ್ ಕನಿಷ್ಠ ಐದು ಸುತ್ತು ಪೂರ್ತಿ ಕೂರಬೇಕು.

ವಯರಿಂಗ್‌ನಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಮೂರು ವಯರ್ ಇರುತ್ತವೆ: ಪ್ಲಸ್ 24, ಸೊನ್ನೆ ವೋಲ್ಟ್, ಸಿಗ್ನಲ್. ಸಿಗ್ನಲ್ ಕರೆಂಟನ್ನು ಡಿಟೆಕ್ಟರ್ ಹೊರಗೆ ಕೊಡುತ್ತದೋ, ಒಳಗೆ ಎಳೆದುಕೊಳ್ಳುತ್ತದೋ ಅಂತ ತಿಳಿದಿರಬೇಕು. ಕೊಡುವುದಕ್ಕೆ ಸೋರ್ಸ್ ಅಂತಾರೆ, ಎಳೆಯುವುದಕ್ಕೆ ಸಿಂಕ್. ಪಿಎಲ್‌ಸಿ ಕಾರ್ಡ್ ಅದಕ್ಕೆ ಹೊಂದಿಕೊಂಡಿರಬೇಕು. ಹೊಂದದಿದ್ದರೆ ಏನೂ ಕಾಣದು, ಡಿಟೆಕ್ಟರ್ ಕೆಟ್ಟಿದೆ ಅಂತ ವಾಪಸ್ ಕಳಿಸುತ್ತಾರೆ.

ಪವರ್ ಕೊಟ್ಟ ಮೇಲೆ ಕಾಯಿರಿ. ಒಂದೆರಡು ನಿಮಿಷದಲ್ಲಿ ರೀಡಿಂಗ್ ಬರುತ್ತದೆ ನಿಜ, ಆದರೆ ಕನ್ನಡಿ, ದೀಪ, ಹೀಟರ್ ಎಲ್ಲ ಒಂದು ಹದಕ್ಕೆ ಬಿಸಿಯಾಗಿ ನಿಲ್ಲಲು ಹೊತ್ತು ಹಿಡಿಯುತ್ತದೆ. ಮ್ಯಾನ್ಯುಯಲ್ ಎಷ್ಟು ಹೇಳುತ್ತದೋ ಅಷ್ಟು ಕಾಯಿರಿ. ನಾನಂತೂ ಮೊದಲ ಸಲ ಕನಿಷ್ಠ ಎರಡು ಗಂಟೆ ಬಿಟ್ಟು, ಊಟ ಮುಗಿಸಿ ಬಂದೇ ಝೀರೋ ಮಾಡುವುದು. ನಿಮ್ಮ ವೆಂಡರ್ ಒಂದೇ ದಿನದಲ್ಲಿ ಆರನ್ನೂ ಮುಗಿಸಿದ್ದರಲ್ಲಿ ಕಾಯುವ ಹೊತ್ತೇ ಕಳೆದುಹೋಗಿರಬೇಕು.

ಝೀರೋಗೆ ಯಾರ್ಡಿನ ಗಾಳಿಯನ್ನು ನಂಬಬೇಡಿ. ಸಿಲಿಂಡರ್‌ನಲ್ಲಿ ಬರುವ ಝೀರೋ ಏರ್ ಅಥವಾ ನೈಟ್ರೋಜನ್ ಬಿಡಿ. ಕ್ಯಾಟಲಿಟಿಕ್‌ಗೆ ನೈಟ್ರೋಜನ್ ಆಗುತ್ತಿರಲಿಲ್ಲ, ಐಆರ್‌ಗೆ ಆಗುತ್ತದೆ. ಎರಡು ಮೂರು ನಿಮಿಷ ಬಿಟ್ಟು, ರೀಡಿಂಗ್ ಅಲುಗಾಡದೆ ನಿಂತ ಮೇಲೆ ಝೀರೋ ಒಪ್ಪಿಸಿ.

ಆಮೇಲೆ ಟೆಸ್ಟ್ ಗ್ಯಾಸ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಸಿಲಿಂಡರ್ ಮೇಲೆ ‘ಪ್ರೊಪೇನ್, 50% ಎಲ್‌ಇಎಲ್’ ಅಂತ ಬರೆದಿರುತ್ತದೆ. ಗಾಳಿಯಲ್ಲಿ ಗ್ಯಾಸ್ ಎಷ್ಟು ಸೇರಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೋ ಆ ಕೆಳಗಿನ ಮಿತಿಯೇ ಎಲ್‌ಇಎಲ್. ಅದರ ಅರ್ಧದಷ್ಟೇ ಇರುವುದರಿಂದ ಈ ಟೆಸ್ಟ್ ಗ್ಯಾಸ್ ತಾನಾಗಿ ಹೊತ್ತಿಕೊಳ್ಳುವಂಥದ್ದಲ್ಲ. ತೊಂದರೆ ಬೇರೆ ಕಡೆ ಇದೆ. ಪ್ರೊಪೇನ್‌ನ ಎಲ್‌ಇಎಲ್ ಎಷ್ಟು? ಹಳೆಯ ಪಟ್ಟಿಗಳಲ್ಲಿ 2.1%, ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆ) ಪಟ್ಟಿಯಲ್ಲಿ 1.7%. ಸಿಲಿಂಡರ್ ತುಂಬಿಸಿದವರು 2.1 ಹಿಡಿದಿದ್ದರೆ ಅದರಲ್ಲಿರುವುದು 1.05% ಪ್ರೊಪೇನ್. ಡಿಟೆಕ್ಟರ್ ಒಳಗೆ 1.7 ಅಂತ ಇದ್ದರೆ ಅದು 50 ತೋರಿಸದೆ 62 ತೋರಿಸುತ್ತದೆ. ಆಗ ಟೆಕ್ನಿಷಿಯನ್ ಏನು ಮಾಡುತ್ತಾರೆ? ‘ಜಾಸ್ತಿ ತೋರಿಸ್ತಿದೆ’ ಅಂತ ಸ್ಪ್ಯಾನ್ (ಇಷ್ಟು ಗ್ಯಾಸಿಗೆ ಇಷ್ಟು ತೋರಿಸು ಅನ್ನುವ ಹೊಂದಾಣಿಕೆ) ತಿರುಗಿಸಿ 50ಕ್ಕೆ ತರುತ್ತಾರೆ. ಸರಿಯಾಗಿದ್ದ ಡಿಟೆಕ್ಟರ್ ಆ ಕ್ಷಣದಿಂದ ಕಡಿಮೆ ಹೇಳಲು ಶುರು ಮಾಡುತ್ತದೆ. ಹಾಗಾಗಿ ಎಲ್‌ಇಎಲ್ ಶೇಕಡಾವಾರು ನೋಡಬೇಡಿ. ಸಿಲಿಂಡರ್‌ನ ಸರ್ಟಿಫಿಕೇಟ್‌ನಲ್ಲಿ ಪರಿಮಾಣದ ಶೇಕಡಾವಾರು ಎಷ್ಟಿದೆ ಅಂತ ಓದಿ, ಡಿಟೆಕ್ಟರ್‌ನ ಎಲ್‌ಇಎಲ್ ಎಷ್ಟು ಅಂತ ಓದಿ, ಭಾಗಿಸಿ. ಬಂದ ಅಂಕಿಯನ್ನು ಸಿಲಿಂಡರ್‌ಗೆ ಚೀಟಿ ಅಂಟಿಸಿ ಬರೆದಿಡಿ. ಸರ್ಟಿಫಿಕೇಟ್‌ನಲ್ಲಿ ಅವಧಿ ಮುಗಿಯುವ ದಿನಾಂಕವೂ ಇರುತ್ತದೆ, ಅದನ್ನೂ ಬರೆಯಿರಿ.

ಡಿಟೆಕ್ಟರ್ ಯಾವ ಗ್ಯಾಸಿಗೆ ಸೆಟ್ ಆಗಿದೆ ಅಂತಲೂ ನೋಡಿ. ಕಾರ್ಖಾನೆಯಿಂದ ಮೀಥೇನ್ ಸೆಟ್ಟಿಂಗ್‌ನಲ್ಲಿ ಬಂದಿರಬಹುದು. ಮೀಥೇನ್ ಸೆಟ್ಟಿಂಗ್‌ನ ಡಿಟೆಕ್ಟರ್‌ಗೆ ಪ್ರೊಪೇನ್ ಸಿಕ್ಕರೆ ವಿಪರೀತ ಜಾಸ್ತಿ ತೋರಿಸುತ್ತದೆ, ಸುಮ್ಮಸುಮ್ಮನೆ ಪ್ಲಾಂಟ್ ನಿಲ್ಲುತ್ತದೆ. ಪ್ರೊಪೇನ್ ಸೆಟ್ಟಿಂಗ್‌ನದಕ್ಕೆ ಮೀಥೇನ್ ಸಿಕ್ಕರೆ ಕಡಿಮೆ ತೋರಿಸುತ್ತದೆ, ಅದು ಇನ್ನೂ ಕೆಟ್ಟದ್ದು. ಮುಂದೆ ನಿಮ್ಮಲ್ಲಿ ಎಲ್‌ಪಿಜಿ ಬಿಟ್ಟು ಪೈಪ್ ಗ್ಯಾಸ್ ತಗೊಂಡರೆ ಈ ಮಾತು ನೆನಪಿರಲಿ. ಆಗ ಸೆಟ್ಟಿಂಗೂ ಬದಲಾಗಬೇಕು, ಜಾಗವೂ ಬದಲಾಗಬೇಕು, ಯಾಕೆಂದರೆ ಮೀಥೇನ್ ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ.

ಟೆಸ್ಟ್ ಗ್ಯಾಸ್ ಬಿಟ್ಟಾಗ ಡಿಟೆಕ್ಟರ್ ಹತ್ತಿರ ಒಬ್ಬರು, ಪ್ಯಾನೆಲ್ ಹತ್ತಿರ ಒಬ್ಬರು ಇರಿ. 20% ಅಂದರೆ 7.2 ಮಿಲಿ ಆಂಪಿಯರ್, 40% ಅಂದರೆ 10.4, 50% ಅಂದರೆ ಸರಿಯಾಗಿ 12. ಎರಡೂ ಕಡೆ ಅದೇ ಅಂಕಿ ಬರಬೇಕು. ಮೊದಲ ಅಲಾರಂನಲ್ಲಿ ಹೂಟರ್ ಕೂಗಬೇಕು. ಎರಡನೆಯದರಲ್ಲಿ ಎಲ್‌ಪಿಜಿ ಲೈನಿನ ವಾಲ್ವ್ ಮುಚ್ಚಬೇಕು. ಕನಿಷ್ಠ ಮೊದಲ ಸಲ, ಓವನ್ ನಿಲ್ಲಿಸಿದ ದಿನ, ಬೈಪಾಸ್ ಹಾಕದೆ ಆ ವಾಲ್ವ್ ನಿಜವಾಗಿ ಮುಚ್ಚುವುದನ್ನು ಹೋಗಿ ಕಣ್ಣಾರೆ ನೋಡಿ. ಡಿಟೆಕ್ಟರ್ ಸರಿ ಇದ್ದು ವಾಲ್ವ್ ಕಚ್ಚಿಕೊಂಡಿದ್ದರೆ ಏನು ಬಂತು?

ಇನ್ನು ನೋಡಿಕೊಳ್ಳುವ ವಿಷಯ. ಮುಂಚೆ ಹೇಳಿದ ಆ ಕಟ್ಟಿದ ಮೂಗು ಇಲ್ಲಿ ಬರುತ್ತದೆ.

ಬಹಳ ವರ್ಷದ ಹಿಂದೆ ನಾನು ಒಂದು ಪ್ಲಾಂಟ್‌ನಲ್ಲಿ ಮೂರು ತಿಂಗಳಿಗೊಮ್ಮೆ ಗ್ಯಾಸ್ ಟೆಸ್ಟ್ ಮಾಡುತ್ತಿದ್ದೆ. ಡಿಟೆಕ್ಟರ್‌ಗೆ ಒಂದು ಪುಟ್ಟ ಕ್ಯಾಲಿಬ್ರೇಷನ್ ನಳಿಕೆ ಇತ್ತು. ಅದಕ್ಕೆ ಟ್ಯೂಬ್ ಸಿಕ್ಕಿಸಿ ಗ್ಯಾಸ್ ಬಿಟ್ಟರೆ ಠಕ್ಕಂತ 50 ಬರುತ್ತಿತ್ತು, ಪುಸ್ತಕದಲ್ಲಿ ‘ಸರಿ’ ಅಂತ ಬರೆಯುತ್ತಿದ್ದೆ. ಒಂದು ದಿನ ಹೀಗೇ ಬಗ್ಗಿ ನೋಡುವಾಗ ವೆದರ್ ಗಾರ್ಡ್‌ನ (ಮಳೆ, ಧೂಳು ತಡೆಯುವ ಹೊರ ಕವಚ) ಬಣ್ಣ ವಿಚಿತ್ರವಾಗಿ ಕಂಡಿತು. ಕಪ್ಪು ಪ್ಲಾಸ್ಟಿಕ್ ಇರಬೇಕಾದ ಜಾಗ ಬೂದು ಬಣ್ಣ. ಉಗುರಿನಿಂದ ಕೆರೆದರೆ ಪದರ ಎದ್ದು ಬಂತು. ಆಡಿಟ್‌ಗೆ ಮುಂಚೆ ಪೈಪ್‌ಗಳಿಗೆ ಪೇಂಟ್ ಹೊಡೆದವರು ಡಿಟೆಕ್ಟರ್‌ಗೂ ಸ್ಪ್ರೇ ಹೊಡೆದಿದ್ದರು. ಗಾಳಿ ಹೋಗುವ ಸೀಳುಗಳೆಲ್ಲ ಬಣ್ಣದಿಂದ ಮುಚ್ಚಿದ್ದವು. ಗಾರ್ಡಿನ ಹೊರಗೆ ಒಂದು ಚೀಲ ಕಟ್ಟಿ ಅದರೊಳಗೆ ಗ್ಯಾಸ್ ಬಿಟ್ಟೆ. ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ. ಡಿಸ್‌ಪ್ಲೇನಲ್ಲಿ ಸೊನ್ನೆ. ನಾನು ಅದಕ್ಕೆ ‘ಸರಿ’ ಅಂತ ಬರೆದು ಮೂರು ವಾರವೂ ಆಗಿರಲಿಲ್ಲ. ಆ ನಳಿಕೆ ಗಾರ್ಡನ್ನು ದಾಟಿ ನೇರ ಒಳಗೆ ಗ್ಯಾಸ್ ಬಿಡುತ್ತಿತ್ತು. ನಾನು ಇಷ್ಟು ದಿನ ಪರೀಕ್ಷೆ ಮಾಡುತ್ತಿದ್ದದ್ದು ಕಣ್ಣನ್ನು ಮಾತ್ರ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅಂದಿನಿಂದ ಎರಡು ಪರೀಕ್ಷೆ ಮಾಡುತ್ತೇನೆ. ಒಂದು ನಳಿಕೆಯಿಂದ, ಅಂಕಿ ನಿಖರವಾಗಿದೆಯಾ ಅಂತ ನೋಡಲು. ಇನ್ನೊಂದು ಗಾರ್ಡಿನ ಹೊರಗಿನಿಂದ, ಗ್ಯಾಸ್ ಒಳಗೆ ತಲುಪುತ್ತದೆಯಾ ಅಂತ ನೋಡಲು. ಎರಡನೆಯದರಲ್ಲಿ 50 ಬರಲೇಬೇಕು ಅಂತಿಲ್ಲ. 20 ದಾಟಲು ಎಷ್ಟು ಸೆಕೆಂಡ್ ಹಿಡಿಯಿತು ಅಂತ ಮೊಬೈಲ್‌ನಲ್ಲಿ ಅಲ್ಲ, ಕೈಗಡಿಯಾರದಲ್ಲಿ ನೋಡಿ ಬರೆಯಿರಿ, ಸಾದಾ ಮೊಬೈಲ್ ಯಾರ್ಡ್ ಒಳಗೆ ಬರಬಾರದು. ಈ ಸಲ ಹೋದ ಸಲಕ್ಕಿಂತ ದುಪ್ಪಟ್ಟು ಹೊತ್ತು ಹಿಡಿದರೆ ಗಾರ್ಡ್ ಬಿಚ್ಚಿ. ಒಳಗೆ ಜೇಡ ಬಲೆ ಕಟ್ಟಿರುತ್ತದೆ, ಇಲ್ಲವೇ ಕಣಜ ಮಣ್ಣು ಮೆತ್ತಿರುತ್ತದೆ. ಬೆಚ್ಚಗಿನ ಜಾಗ ಅಲ್ವಾ, ಹುಳುಗಳಿಗೆ ಇಷ್ಟ. ಫಿಲ್ಟರ್ ಇದ್ದರೆ ಅದರ ಮೇಲೆ ಧೂಳು ಗಟ್ಟಿಕಟ್ಟಿರುತ್ತದೆ.

ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಎರಡೂ ಪರೀಕ್ಷೆ ಮಾಡಿ. ದಾಖಲೆ ಚೆನ್ನಾಗಿದ್ದರೆ ಆಮೇಲೆ ಆರು ತಿಂಗಳಿಗೆ ಹೋಗಬಹುದು, ಮ್ಯಾನ್ಯುಯಲ್ ಮತ್ತು ನಿಮ್ಮ ಸೇಫ್ಟಿಯವರು ಒಪ್ಪಿದರೆ. ಪರೀಕ್ಷೆಯಲ್ಲಿ ಅಂಕಿ ಸರಿ ಬಂದರೆ ಸ್ಪ್ಯಾನ್ ಮುಟ್ಟಲೇಬೇಡಿ. ನಿಮ್ಮ ಸೀನಿಯರ್ ಮಾತಿನ ನಿಜವಾದ ಅರ್ಧ ಇದೇ. ಐಆರ್‌ನ ಸ್ಪ್ಯಾನ್ ಸುಮ್ಮನೆ ಸರಿಯುವುದಿಲ್ಲ. ತಿರುಗಿಸುವ ಅಗತ್ಯ ಬಂದರೆ ಮೊದಲು ಸಿಲಿಂಡರ್ ಮೇಲೆ, ಆಮೇಲೆ ಕನ್ನಡಿ ಮೇಲೆ ಅನುಮಾನ ಪಡಿ, ಡಿಟೆಕ್ಟರ್ ಮೇಲೆ ಕೊನೆಗೆ. ಲೈಟರ್ ಒತ್ತಿ ಗ್ಯಾಸ್ ಬಿಟ್ಟು ‘ಅಲಾರಂ ಬಂತು, ಓಕೆ’ ಅನ್ನುವವರು ಇನ್ನೂ ಇದ್ದಾರೆ. ಅದರಿಂದ ಅಂಕಿ ಸರಿಯಾ ಅಂತ ತಿಳಿಯದು, ಮೇಲಾಗಿ ಲೈಟರ್ ಯಾರ್ಡಿನ ಗೇಟನ್ನೇ ದಾಟಬಾರದು.

ಕನ್ನಡಿ ಒರೆಸುವುದು ಡಿಟೆಕ್ಟರ್ ಕೇಳಿದಾಗ, ಇಲ್ಲವೇ ಪರೀಕ್ಷೆಯಲ್ಲಿ ಕೊಳೆ ಕಂಡಾಗ. ಮೆತ್ತನೆಯ, ನೂಲು ಬಿಡದ ಬಟ್ಟೆ ಅಥವಾ ಹತ್ತಿಯ ಕಡ್ಡಿ, ಚೂರು ಐಸೋಪ್ರೊಪೈಲ್ ಆಲ್ಕೋಹಾಲ್. ಪೆಟ್ರೋಲ್, ಥಿನ್ನರ್ ಬೇಡ. ಒರೆಸಿ, ಗಾಳಿಗೆ ಬಿಟ್ಟು, ಆವಿ ಪೂರ್ತಿ ಆರಿ ರೀಡಿಂಗ್ ನಿಂತ ಮೇಲೆ ಮಾತ್ರ ಮುಂದಿನ ಕೆಲಸ. ಕೋವಿಡ್ ಸಮಯದಲ್ಲಿ ಒಬ್ಬ ಹುಡುಗ ಕೈಗೆ ಸ್ಯಾನಿಟೈಸರ್ ಹಾಕಿಕೊಂಡ ತಕ್ಷಣ ಡಿಟೆಕ್ಟರ್ ಹತ್ತಿರ ಕೈ ಒಯ್ದು ರೀಡಿಂಗ್ ಏರಿಸಿದ್ದ, ಅದಕ್ಕೂ ಕಾರಣ ಇದೇ.

ಬೈಪಾಸ್ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಆದರೆ ಮರೆಯಬೇಡಿ. ಪರೀಕ್ಷೆಗೆ ಮುಂಚೆ ಹಾಕಿದ ಬೈಪಾಸ್ ತೆಗೆಯುವುದು ಯಾರ ಕೆಲಸ ಅಂತ ಪರ್ಮಿಟ್‌ನಲ್ಲೇ ಹೆಸರು ಬರೆಸಿ. ಬೈಪಾಸ್‌ನಲ್ಲೇ ಉಳಿದ ಡಿಟೆಕ್ಟರ್ ಗ್ಯಾಸ್ ಕಂಡರೂ ವಾಲ್ವ್ ಮುಚ್ಚಿಸದು.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳಬೇಕು. ಐಆರ್‌ಗೆ ಹೈಡ್ರೋಜನ್ ಕಾಣುವುದೇ ಇಲ್ಲ, ಅದು ಈ ಬೆಳಕನ್ನು ಹೀರಿಕೊಳ್ಳುವುದಿಲ್ಲ. ಅಸಿಟಿಲೀನ್ ಹೀರಿಕೊಳ್ಳುವ ಅಲೆ ಸುಮಾರು 3 ಮೈಕ್ರಾನ್ ಹತ್ತಿರ, ಹಾಗಾಗಿ ಈ ಡಿಟೆಕ್ಟರ್‌ಗೆ ಅದೂ ಸರಿಯಾಗಿ ಕಾಣದು. ನಿಮ್ಮಲ್ಲಿ ಫೋರ್ಕ್‌ಲಿಫ್ಟ್ ಬ್ಯಾಟರಿ ಚಾರ್ಜ್ ಮಾಡುವ ಕೋಣೆ ಇದ್ದರೆ, ತೆಗೆದ ಹಳೆಯ ಡಿಟೆಕ್ಟರ್‌ಗಳ ಬದಲಿಗೆ ಅಲ್ಲಿಗೂ ಐಆರ್ ಹಾಕೋಣ ಅಂತ ಯಾರಾದರೂ ಹೇಳಿಯಾರು. ಅಲ್ಲಿ ಹುಟ್ಟುವುದು ಹೈಡ್ರೋಜನ್. ಅಲ್ಲಿಗೆ ಕ್ಯಾಟಲಿಟಿಕ್ ಅಥವಾ ಹೈಡ್ರೋಜನ್‌ಗೆಂದೇ ಮಾಡಿದ ಸೆನ್ಸರೇ ಬೇಕು.

ಇಷ್ಟೆಲ್ಲ ಯಾಕೆ ಅಂತ ನಿಮ್ಮ ಮ್ಯಾನೇಜರ್ ಕೇಳಿದರೆ ಜೈಪುರದ ಮಾತು ಹೇಳಿ. 2009ರ ಅಕ್ಟೋಬರ್ 29ರ ಸಂಜೆ ಅಲ್ಲಿನ ಸೀತಾಪುರದ ಇಂಡಿಯನ್ ಆಯಿಲ್ ಡಿಪೋದಲ್ಲಿ ಪೆಟ್ರೋಲ್ ಸೋರಲು ಶುರುವಾಗಿ, ಒಂದು ಗಂಟೆಗೂ ಹೆಚ್ಚು ಹೊತ್ತು ಆವಿ ಹರಡಿ, ಆಮೇಲೆ ಸಿಡಿಯಿತು. ಹನ್ನೊಂದು ಜನ ಸತ್ತರು. ತನಿಖೆ ಮಾಡಿದ ಎಂ.ಬಿ. ಲಾಲ್ ಸಮಿತಿ, ಸೋರುವ ಸಾಧ್ಯತೆ ಇರುವ ಜಾಗಗಳಲ್ಲಿ ಹೈಡ್ರೋಕಾರ್ಬನ್ ಡಿಟೆಕ್ಟರ್ ಹಾಕಬೇಕು ಅಂತ ಶಿಫಾರಸು ಮಾಡಿತು. ಆ ಒಂದು ಗಂಟೆಯಲ್ಲಿ ಮೊದಲ ಕೆಲವು ನಿಮಿಷವನ್ನು ಕೈಗೆ ಕೊಡುವುದಕ್ಕೇ ನಿಮ್ಮ ಯಾರ್ಡಿನ ಈ ಆರು ಪೆಟ್ಟಿಗೆ ಇರುವುದು.

ನಿಮ್ಮ ಕೆಲಸದ ಸಾಲು ಹೀಗಿರಲಿ. ನಾಳೆಯೇ ಪ್ಯಾನೆಲ್‌ನಲ್ಲಿ ವಯರ್ ಬಿಚ್ಚಿ ಫಾಲ್ಟ್ ಬರುತ್ತದಾ ನೋಡಿ. ಈ ವಾರದಲ್ಲಿ ಒಂದು ಬೆಳಗ್ಗೆ ಏಳಕ್ಕೆ 6ನೆಯದರ ವೋಲ್ಟೇಜ್ ನೋಡಿ. 18ರ ಹತ್ತಿರ ಇದ್ದರೆ 2.5ರ ಕೇಬಲ್‌ಗೆ ಇಂಡೆಂಟ್ ಹಾಕಿ. ಅದು ಬರುವವರೆಗೆ, ಹಳೆಯ ಕೇಬಲ್‌ನಲ್ಲಿ ಬಳಸದ ಎರಡು ಎಳೆ ಇದ್ದರೆ ಪ್ಲಸ್‌ಗೊಂದು, ಸೊನ್ನೆಗೊಂದು ಜೋಡಿಸಿದರೆ ತಡೆ ಅರ್ಧಕ್ಕೆ ಇಳಿಯುತ್ತದೆ, ಅಷ್ಟರಿಂದಲೇ ಬೆಳಗಿನ ಫಾಲ್ಟ್ ನಿಲ್ಲಬಹುದು. ಆಮೇಲೆ 2ನೆಯದಕ್ಕೆ ನೈಟ್ರೋಜನ್ ಬಿಟ್ಟು ಹೊಸದಾಗಿ ಝೀರೋ ಮಾಡಿ. ಕೊನೆಗೆ ಆರಕ್ಕೂ ಒಳಗಿನಿಂದ, ಹೊರಗಿನಿಂದ ಗ್ಯಾಸ್ ಬಿಡಿ. ಅವತ್ತು ನಿಮ್ಮ ಸೀನಿಯರ್‌ನೂ ಕರೆದುಕೊಂಡು ಹೋಗಿ. ಗಾರ್ಡಿನ ಹೊರಗೆ ಚೀಲ ಕಟ್ಟುವಾಗ ಅವರೇ ಹಿಡಿದುಕೊಳ್ಳಲಿ, ಸೆಕೆಂಡುಗಳನ್ನು ನೀವು ಎಣಿಸಿ.